ಓಡುವವನಿಗಿಲ್ಲದ ಚಳಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ಓಡುವ ಅಭ್ಯಾಸವುಳ್ಳವರಿಗೆ ಡಿಸೆಂಬರ್ ತಿಂಗಳೆಂದರೆ ಕಡುಚಳಿಯ ಕಾಲವೇ ಸರಿ. ಉಷ್ಣಮಾಪಕ 16 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತೆಂದರೆ ಮಫ್ಲರುಗಳೂ ಮಂಕಿ ಕ್ಯಾಪುಗಳೂ ಪೆಟ್ಟಿಗೆಗಳಿಂದ ಹೊರಬರುತ್ತವೆ. ಏರಿಯ ಮೇಲಿನ ಮಾತೆಲ್ಲ ಚಳಿಯ ಸುತ್ತಲೇ ಸುತ್ತುತ್ತದೆ. ಹಲವು ವರ್ಷಗಳಿಂದ ನಾನೂ ಆ ಮಾತುಗಳಲ್ಲಿ ಪಾಲುಗೊಂಡವನೇ. ಚಳಿ ಎಂದರೇನೆಂಬುದು ನನಗೆ ತಿಳಿದಿದೆ ಎಂದೇ ನಂಬಿದ್ದೆ.

2022ರ ಡಿಸೆಂಬರ್ ಕೊನೆಯ ವಾರ ಆ ನಂಬಿಕೆಯನ್ನು ತಿದ್ದಿತು. ಎಂಬತ್ತು ದಾಟಿದ ತಾಯಿಯನ್ನು ಕರೆದುಕೊಂಡು, ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ನೆಲೆಸಿರುವ ತಮ್ಮನ ಮನೆಗೆ ಕ್ರಿಸ್‌ಮಸ್ ರಜೆಗೆಂದು ಹೋಗಿದ್ದೆ. ಊರೆಲ್ಲ ಹಿಮದಲ್ಲಿ ಹೂತುಹೋಗಿತ್ತು. ಕಿಟಕಿಯ ಹೊರಗೆ ತೂಗುಹಾಕಿದ್ದ ಉಷ್ಣಮಾಪಕ ಸೊನ್ನೆಯ ಕೆಳಗೆ 15 ಡಿಗ್ರಿ ತೋರಿಸುತ್ತಿತ್ತು. ಅಂಥ ಸಂಜೆಯಲ್ಲಿ ತಮ್ಮ ತೀರ ಸಹಜವಾದ ದನಿಯಲ್ಲಿ ಹೇಳಿದ: “ಅಣ್ಣ, ನಾಳೆ ಎಂಟೂವರೆಗೆ ನಮ್ಮ ಓಟದ ಗೆಳೆಯರೆಲ್ಲ ಬರ್ತಾರೆ. ಸರೋವರಕ್ಕೆ ಒಂದು ಸುತ್ತು ಹಾಕೋಣ. ನೀನೂ ಬಾ.”

“ಈ ಚಳೀಲಿ ಓಡಿದ್ರೆ ಎದೆಯೊಳಗೆ ಉಸಿರೇ ಹೆಪ್ಪುಗಟ್ಟಲ್ವೇನೋ?” ಎಂದು ಅಮ್ಮ ಗಾಬರಿಗೊಂಡರು. ಪ್ರಶ್ನೆ ಅವರದಾದರೂ ಸಂಶಯ ನನ್ನದೂ ಆಗಿತ್ತು. ಉಷ್ಣದೇಶದ ಪ್ರಾಣಿಯಾದ ಮನುಷ್ಯ ಹಿಮದ ನಡುವೆ ಓಡಿ ಬದುಕಿ ಬರುವುದು ಹೇಗೆ? ಮರುದಿನ ನನಗೆ ಈ ಪ್ರಶ್ನೆಯ ಉತ್ತರ ದೊರೆಯಿತು. ಅದರೊಡನೆ, ನಾನು ಕೇಳದೆ ಇದ್ದ ಇನ್ನೊಂದು ಪ್ರಶ್ನೆಯ ಉತ್ತರವೂ ದೊರೆಯಿತು.

ಆರು ಮೂಲೆಯ ಅತಿಥಿ

ಆ ಊರಿನಲ್ಲಿ ಡಿಸೆಂಬರಿನ ಕೊನೆಗೆ ಸೂರ್ಯ ಹುಟ್ಟುವುದು ಏಳೂಮುಕ್ಕಾಲರ ಮೇಲೆ. ಗೆಳೆಯರು ಬಂದಾಗ ಬೆಳಕು ಇನ್ನೂ ಎಳೆಯದಾಗಿತ್ತು. ಹಗುರವಾಗಿ ಹಿಮ ಉದುರುತ್ತಿತ್ತು. ಬಂದವರು ಮೂವರು: ಆಸ್ಪತ್ರೆಯೊಂದರ ದಾದಿ, ಅಂಚೆ ಬಟವಾಡೆ ಮಾಡುವವರು ಒಬ್ಬರು, ಶಾಲೆಯ ಉಪಾಧ್ಯಾಯರು ಒಬ್ಬರು. ಇವರೊಡನೆ ತಮ್ಮ, ಅವನ ಹದಿನೇಳು ವರ್ಷದ ಮಗಳು ಮತ್ತು ನಾನು. ಹೀಗೆ ಒಟ್ಟು ಆರು ಜನ.

ತಮ್ಮನ ಮಗಳು ತನ್ನ ಕಪ್ಪು ಕೈಗವಸನ್ನು ಮುಂದೆ ಚಾಚಿ, “ದೊಡ್ಡಪ್ಪ, ಇಲ್ಲಿ ನೋಡಿ” ಎಂದಳು. ಕವಸಿನ ಮೇಲೆ ಇಳಿದಿದ್ದ ಹಿಮದ ಹರಳುಗಳಲ್ಲಿ ಮುರಿಯದೆ ಉಳಿದಿದ್ದವು ಆರು ಕೈಗಳ ನಕ್ಷತ್ರಗಳಂತಿದ್ದವು. ಐದು ಕೈಯದಾಗಲಿ ಎಂಟು ಕೈಯದಾಗಲಿ ಒಂದೂ ಇರಲಿಲ್ಲ. ಈ ಆರರ ನಿಯಮ ಏಕೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿಯೇ ಒಂದು ಕಿರುಹೊತ್ತಗೆಯನ್ನು ಬರೆದು, ತನ್ನ ಪೋಷಕನಿಗೆ ಹೊಸ ವರ್ಷದ ಉಡುಗೊರೆಯಾಗಿ ಅರ್ಪಿಸಿದ್ದ. ನೀರಿನ ಅಣುಗಳು ಮಂಜುಗಡ್ಡೆಯಲ್ಲಿ ಷಟ್ಕೋನಾಕಾರದ ಜಾಲರಿಯಾಗಿ ಹೆಣೆದುಕೊಳ್ಳುತ್ತವೆ ಎಂಬುದು ಆತನಿಗೆ ತಿಳಿಯುವ ಕಾಲ ಅದಲ್ಲ. ವರ್ಮಾಂಟ್ ರಾಜ್ಯದ ಬೆಂಟ್ಲಿ ಎಂಬ ರೈತ 1885ರಲ್ಲಿ ಮೊದಲ ಬಾರಿಗೆ ಸೂಕ್ಷ್ಮದರ್ಶಕದ ಮೂಲಕ ಒಂದು ಹಿಮಹರಳಿನ ಛಾಯಾಚಿತ್ರವನ್ನು ತೆಗೆದ. ಜೀವಮಾನದಲ್ಲಿ ಅಂಥ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಹಾಕಿದ. ಜಪಾನಿನ ನಕಾಯ ಎಂಬ ಭೌತವಿಜ್ಞಾನಿ 1936ರಲ್ಲಿ ಪ್ರಯೋಗಶಾಲೆಯೊಳಗೆ ಮೊಲದ ಕೂದಲಿನ ತುದಿಯಲ್ಲಿ ಕೃತಕ ಹಿಮಹರಳನ್ನು ಬೆಳೆಸಿ, ಉಷ್ಣತೆ ಮತ್ತು ತೇವಗಳು ಬದಲಾದಂತೆ ಹರಳಿನ ರೂಪವೂ ಬದಲಾಗುವುದನ್ನು ತೋರಿಸಿದ.

ಈ ಆರು ಕೈಗಳಿಂದ ಓಟಗಾರನಿಗೊಂದು ಪಾಠವುಂಟು. ಕೈಗಳು ಒಂದಕ್ಕೊಂದು ತೊಡರಿ ಬೀಳುವುದರಿಂದ ಹೊಸ ಹಿಮದ ರಾಶಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರಿಯ ಗಾಳಿ. ಅಲುಗಾಡಲಾರದೆ ಸಿಕ್ಕಿಬಿದ್ದ ಗಾಳಿಯ ಮೂಲಕ ಶಾಖ ಬಹು ನಿಧಾನವಾಗಿ ಹರಿಯುತ್ತದೆ. ಆದುದರಿಂದಲೇ ಹಿಮದ ಹೊದಿಕೆಯ ಕೆಳಗೆ ನೆಲದ ಇಲಿಗಳೂ ಹುಲ್ಲಿನ ಬೇರುಗಳೂ ಚಳಿಗಾಲವನ್ನು ಕಳೆಯಬಲ್ಲವು. ಮರದ ಮೇಲೆ ಕುಳಿತ ಹಕ್ಕಿ ಗರಿಗಳನ್ನು ಕೆದರಿ ಚೆಂಡಿನಂತಾಗುವುದೂ ಗಾಳಿಯನ್ನು ಹಿಡಿದಿಡುವುದಕ್ಕಾಗಿಯೇ. ಉಣ್ಣೆಯ ಅಂಗಿ ಬೆಚ್ಚಗಿರುವುದು ಉಣ್ಣೆಯಿಂದಲ್ಲ, ಅದರೊಳಗೆ ಸೆರೆಯಾದ ಗಾಳಿಯಿಂದ. ಈ ಗಾಳಿಯ ಜಾಗವನ್ನು ನೀರು ಆಕ್ರಮಿಸಿತೆಂದರೆ ಕಥೆ ಬೇರೆಯಾಗುತ್ತದೆ. ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಈ ಕೊನೆಯ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ಅಂದು ಅದನ್ನು ನೆನಪಿನಲ್ಲಿ ಇಡದಿದ್ದವನು ನಾನೇ.

ಮೈಯೆಂಬ ಒಲೆ

ಹೊರಡುವ ಮುನ್ನ ದಾದಿ ನಮ್ಮೆಲ್ಲರ ಉಡುಪನ್ನೂ ಒಮ್ಮೆ ಪರೀಕ್ಷಿಸಿದರು. “ಇರುವುದಕ್ಕಿಂತ ಹತ್ತು ಡಿಗ್ರಿ ಬಿಸಿಲು ಹೆಚ್ಚಿದೆ ಎಂದುಕೊಂಡು ಉಡಬೇಕು. ಮೊದಲ ಐದು ನಿಮಿಷ ಚಳಿಯೆನಿಸಿದರೆ ಉಡುಪು ಸರಿಯಾಗಿದೆ” ಎಂಬುದು ಅವರ ಸೂತ್ರ. ನನ್ನ ಹೊರಗಿನ ಜಾಕೆಟ್ಟನ್ನೂ ಉಣ್ಣೆಯ ಟೋಪಿಯನ್ನೂ ಕಂಡು ತಲೆದೂಗಿದರು. ಒಳಗೆ, ಮೈಸೂರಿನಿಂದ ತಂದ ಹತ್ತಿಯ ಬನಿಯನ್ನು ತೊಟ್ಟಿದ್ದುದು ಅವರಿಗೆ ಕಾಣಲಿಲ್ಲ. ಹೇಳಬೇಕೆಂದು ನನಗೂ ತೋರಲಿಲ್ಲ.

ಅವರ ಸೂತ್ರದ ಹಿಂದಿರುವ ಲೆಕ್ಕ ಸರಳವಾದುದು. ಓಡುವವನು ಒಂದು ಕಿಲೋಮೀಟರಿಗೆ ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲೊರಿಯನ್ನು ವೆಚ್ಚಮಾಡುತ್ತಾನೆ. 65 ಕಿಲೋಗ್ರಾಂ ತೂಕದವನು ಗಂಟೆಗೆ 9 ಕಿಲೋಮೀಟರಿನಂತೆ ಓಡಿದರೆ ಗಂಟೆಯೊಂದಕ್ಕೆ ಸುಮಾರು 585 ಕಿಲೋಕ್ಯಾಲೊರಿ ಉರಿಯುತ್ತದೆ. ನಮ್ಮ ಸ್ನಾಯುಗಳು ಯಂತ್ರಗಳೆಂಬ ದೃಷ್ಟಿಯಿಂದ ಅಷ್ಟೇನೂ ದಕ್ಷವಾದುವಲ್ಲ. ಉರಿದುದರಲ್ಲಿ ಕಾಲು ಭಾಗಕ್ಕೂ ಕಡಿಮೆ ಚಲನೆಗೆ ಸಲ್ಲುತ್ತದೆ, ಉಳಿದುದೆಲ್ಲ ಶಾಖವಾಗುತ್ತದೆ. ಅಂದರೆ ಓಡುವ ಮನುಷ್ಯ ಸುಮಾರು 500 ವಾಟಿನ ಒಂದು ವಿದ್ಯುತ್ ಒಲೆ. ಅದೇ ಮನುಷ್ಯ ಸುಮ್ಮನೆ ಕುಳಿತಾಗ ಹೊಮ್ಮಿಸುವ ಶಾಖ ಹಳೆಯ ಕಾಲದ ನೂರು ವಾಟಿನ ದೀಪವೊಂದಕ್ಕೂ ತುಸು ಕಡಿಮೆ. ಓಟದಿಂದ ಶಾಖ ಐದಾರು ಪಟ್ಟು ಹೆಚ್ಚುತ್ತದೆ. ಹೀಗಾಗಿ ಹಿಮದಲ್ಲಿ ಓಡುವವನ ಕಷ್ಟ ಎಷ್ಟೋ ವೇಳೆ ಚಳಿಯಲ್ಲ, ಸೆಕೆ!

ಅಮ್ಮನ ಸಂಶಯಕ್ಕೂ ಉತ್ತರ ಉಂಟು. ಉಸಿರು ಎದೆಯೊಳಗೆ ಹೆಪ್ಪುಗಟ್ಟುವುದಿಲ್ಲ. ಮೂಗು, ಗಂಟಲು ಮತ್ತು ಶ್ವಾಸನಾಳಗಳ ತೇವಭರಿತ ಗೋಡೆಗಳು ಒಳಬರುವ ಗಾಳಿಯನ್ನು ದಾರಿಯಲ್ಲಿಯೇ ಕಾಯಿಸುತ್ತವೆ. ಶ್ವಾಸಕೋಶದ ಆಳವನ್ನು ಮುಟ್ಟುವ ಹೊತ್ತಿಗೆ ಅದು ಮೈಯ ಉಷ್ಣತೆಗೆ ಬಂದಿರುತ್ತದೆ. ತೊಂದರೆ ಕೊಡುವುದು ಗಾಳಿಯ ಶುಷ್ಕತೆ. ಸೊನ್ನೆಯ ಕೆಳಗೆ 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ಒಂದು ಗ್ರಾಂ ನೀರಾವಿಯನ್ನು ಹೊರಬಲ್ಲದು. ಮೈಯ ಉಷ್ಣತೆಯಲ್ಲಿ 44 ಗ್ರಾಂ. ಈ ಅಂತರವನ್ನು ನಮ್ಮ ದೇಹವೇ ತುಂಬಿಕೊಡಬೇಕು. ಚಳಿಯಲ್ಲಿ ಬಾಯಿಂದ ಹೊಗೆಯಂತೆ ಹೊರಡುವುದು ನಾವು ಹೀಗೆ ಕಳೆದುಕೊಂಡ ನೀರೇ. ಆದ್ದರಿಂದಲೇ ಗೂರಲು ರೋಗಿಗಳು ಇಂಥ ಗಾಳಿಯಲ್ಲಿ ಎಚ್ಚರದಿಂದಿರಬೇಕು, ಆರೋಗ್ಯವಂತರೂ ಬಾಯಿಗೊಂದು ಬಟ್ಟೆ ಸುತ್ತಿಕೊಳ್ಳಬೇಕು.

ಗಾಳಿಯ ಪಾಲು

ಸರೋವರದ ಕಡೆಗೆ ಓಡತೊಡಗಿದಾಗ ಹಿಮ ಕಾಲಡಿಯಲ್ಲಿ ಕಿರುಗುಟ್ಟುತ್ತಿತ್ತು. ಚಳಿ ಹೆಚ್ಚಿದ್ದಾಗ ಹರಳುಗಳು ತುಳಿತಕ್ಕೆ ಜಾರಿಕೊಳ್ಳದೆ ಮುರಿಯುತ್ತವೆ. ಆ ಮುರಿತದ ಸದ್ದು ಅದು. ಉಳಿದಂತೆ ಊರು ನಿಶ್ಶಬ್ದ. ಸೆರೆಯಾದ ಗಾಳಿ ಶಾಖವನ್ನು ತಡೆಯುವಂತೆ, ಹಿಮದ ಸಂದುಗಳು ಸದ್ದನ್ನೂ ನುಂಗುತ್ತವೆ.

ಹ್ಯಾರಿಯೆಟ್ ಸರೋವರದ ಸುತ್ತಳತೆ ಸುಮಾರು ನಾಲ್ಕೂವರೆ ಕಿಲೋಮೀಟರು. ಅದರ ದಂಡೆಯ ಕಾಲುದಾರಿಯ ಮೇಲಿನ ಹಿಮವನ್ನು ನಗರದ ಉದ್ಯಾನ ಮಂಡಲಿ ಚಳಿಗಾಲವಿಡೀ ಯಂತ್ರಗಳಿಂದ ಬದಿಗೆ ತಳ್ಳಿಸುತ್ತದೆ. ಸರೋವರದ ನಡುವೆ ಕೆಲವರು ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು, ಧ್ಯಾನಸ್ಥರಂತೆ ಕುಳಿತಿದ್ದರು. ಹತ್ತು ಸೆಂಟಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆ ನಡೆಯುವ ಮನುಷ್ಯನನ್ನು ಹೊರಬಲ್ಲದು. ಅದರ ಕೆಳಗೆ ಮೀನುಗಳು ಬದುಕಿರುವುದಕ್ಕೆ ನೀರಿನ ಒಂದು ವಿಚಿತ್ರ ಗುಣವೇ ಕಾರಣ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣನೆಯ ನೀರು ಮೇಲಕ್ಕೇರಿ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಆ ಹೆಪ್ಪು, ಅದರ ಮೇಲಿನ ಹಿಮದೊಡನೆ ಸೇರಿ, ಕೆಳಗಿನ ನೀರಿಗೆ ಕಂಬಳಿಯಾಗುತ್ತದೆ.

ದಂಡೆಯ ತಿರುವಿನಲ್ಲಿ ಗಾಳಿ ಎದುರಾದಾಗ ಕೆನ್ನೆಯ ಮೇಲೆ ಸೂಜಿ ಚುಚ್ಚಿದಂತಾಯಿತು. ಮೈಯ ಸುತ್ತ ಬೆಚ್ಚಗಿನ ಗಾಳಿಯ ತೆಳುವಾದ ಪೊರೆಯೊಂದು ಸದಾ ಇರುತ್ತದೆ. ಬೀಸುಗಾಳಿ ಅದನ್ನು ಹರಿದೊಯ್ಯುತ್ತದೆ. ಇದನ್ನು ಮೊದಲು ಅಳೆದವರು ಅಂಟಾರ್ಕ್‌ಟಿಕದಲ್ಲಿ 1940ರ ಚಳಿಗಾಲವನ್ನು ಕಳೆದ ಸೈಪಲ್ ಮತ್ತು ಪ್ಯಾಸೆಲ್ ಎಂಬ ಅಮೆರಿಕನ್ನರು. ಪ್ಲಾಸ್ಟಿಕ್ಕಿನ ಒಂದು ಚಿಕ್ಕ ಉರುಳೆಯಲ್ಲಿ ನೀರು ತುಂಬಿ ಹೊರಗೆ ತೂಗುಹಾಕಿ, ಬೇರೆ ಬೇರೆ ವೇಗದ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುವುದೆಂದು ಅವರು ಗುರುತಿಸಿಕೊಂಡರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಆ ಲೆಕ್ಕವನ್ನು ಪರಿಷ್ಕರಿಸಿದುವು. ಈ ಸಲ ಉರುಳೆಗೆ ಬದಲಾಗಿ, ಕೊರೆಯುವ ಗಾಳಿಯ ಸುರಂಗದಲ್ಲಿ ನಡೆದ ಸ್ವಯಂಸೇವಕರ ಮುಖಗಳನ್ನೇ ಪರೀಕ್ಷಿಸಲಾಯಿತು. ಈ ಸೂತ್ರದಂತೆ ಸೊನ್ನೆಯ ಕೆಳಗೆ 15 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಬರಿಯ ಚರ್ಮಕ್ಕೆ ಅದು ಸೊನ್ನೆಯ ಕೆಳಗೆ 24 ಡಿಗ್ರಿಗೆ ಸಮ. ಗಾಳಿಯಿಂದ ಉಷ್ಣಮಾಪಕ ಒಂದು ಗೆರೆಯೂ ಇಳಿಯದು. ಶಾಖ ಕಳೆದುಹೋಗುವ ವೇಗ ಮಾತ್ರ ಹೆಚ್ಚುತ್ತದೆ. ಓಡುವವನಾದರೋ ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ ಎಂಬುದನ್ನೂ ಮರೆಯಬಾರದು.

ಆದರೂ ಎರಡು ಕಿಲೋಮೀಟರ್ ಕಳೆಯುವಷ್ಟರಲ್ಲಿ ನನಗೆ ಚಳಿಯ ಸುಳಿವೇ ಇರಲಿಲ್ಲ. ಬೆನ್ನು ಬೆವೆತಿತ್ತು. ಕುಕ್ಕರಹಳ್ಳಿಯ ಏರಿಯ ಮೇಲಿದ್ದಷ್ಟೇ ಸುಖ. ಇಷ್ಟಕ್ಕೇ ಅಂಜಿದ್ದೆನಲ್ಲಾ ಎಂದು ನನಗೇ ನಗು ಬಂದಿತು.

ನಿಂತ ಗಳಿಗೆ

ಸರೋವರದ ಆಚೆಯ ದಂಡೆಯಲ್ಲಿ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಅಂಚೆಯವರು ಇದ್ದಕ್ಕಿದ್ದಂತೆ ನೆಲಕ್ಕುರುಳಿದರು. ತೆಳುವಾದ ಹೊಸ ಹಿಮದ ಕೆಳಗೆ ಮಂಜುಗಡ್ಡೆಯ ಹಾಳೆಯೊಂದು ಅಡಗಿತ್ತು. ಮಂಜುಗಡ್ಡೆ ಜಾರುವುದೇಕೆ? ತುಳಿತದ ಒತ್ತಡಕ್ಕೆ ಅದು ಕರಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ನೂರಮೂವತ್ತಕ್ಕೂ ಹೆಚ್ಚು ವಾಯುಭಾರಗಳ ಒತ್ತಡ ಬೇಕು. ಮನುಷ್ಯನ ಪಾದರಕ್ಷೆಗೆ ಅದು ಅಸಾಧ್ಯ. ಮಂಜುಗಡ್ಡೆಯ ಮೇಲ್ಮೈಯಲ್ಲಿ ಅರೆದ್ರವದಂಥ ಅತಿ ತೆಳುವಾದ ಪದರವೊಂದು ಸಹಜವಾಗಿಯೇ ಇರುತ್ತದೆ ಎಂಬ ವಿಚಾರವನ್ನು ಫ್ಯಾರಡೆ 1850ರಲ್ಲಿ ಮುಂದಿಟ್ಟಿದ್ದ. ಇಂದಿನ ವಿಜ್ಞಾನ ಅದನ್ನು ಎತ್ತಿಹಿಡಿದಿದೆ. ಅಂಥ ನೆಲದ ಮೇಲೆ ಪುಟ್ಟ ಹೆಜ್ಜೆಗಳನ್ನಿಟ್ಟು, ಮೈಭಾರ ಪಾದದ ನೇರಕ್ಕೆ ಇರುವಂತೆ ಓಡಬೇಕು. ಅಂಚೆಯವರು ದಾಪುಗಾಲು ಹಾಕಿದ್ದರು.

ದಾದಿ ಅವರ ಪಾದದ ಕೀಲನ್ನು ಮುಟ್ಟಿ ನೋಡಿ, ಮೂಳೆ ಮುರಿದಂತಿಲ್ಲ, ಆದರೆ ನಡೆಸಕೂಡದು ಎಂದರು. ತಮ್ಮ ಹೊರಗಿನ ಜೇಬಿನಿಂದ ಫೋನು ತೆಗೆದರೆ ಅದು ಸತ್ತಿತ್ತು. ಚಳಿಯಲ್ಲಿ ವಿದ್ಯುತ್ಕೋಶದೊಳಗಿನ ರಾಸಾಯನಿಕ ಕ್ರಿಯೆಗಳೂ ಮಂದವಾಗುತ್ತವೆ. ಮಗಳ ಫೋನು ಅಂಗಿಯೊಳಗೆ ಮೈಗೆ ಅಂಟಿಕೊಂಡಿದ್ದುದರಿಂದ ಬದುಕಿತ್ತು. ತಾಯಿಗೆ ಕರೆಮಾಡಿ ಕಾರು ತರುವಂತೆ ಹೇಳಿದಳು. ಹಿಮದಿಂದ ಕಾರನ್ನು ಬಿಡಿಸಿಕೊಂಡು ಬರಲು ಇಪ್ಪತ್ತೈದು ನಿಮಿಷವಾದರೂ ಬೇಕಿತ್ತು.

ಬೆಂಚಿನ ಮೇಲೆ ಕುಳಿತ ಅಂಚೆಯವರು ನಡುಗುತ್ತಿದ್ದರು. ನಾನು ನನ್ನ ಜಾಕೆಟ್ಟನ್ನು ಕಳಚಿ ಅವರ ಕಾಲಿನ ಮೇಲೆ ಹೊದಿಸಿದೆ. “ಬೇಡ ಅಣ್ಣ” ಎಂದು ತಮ್ಮ ತಡೆದ. “ನನಗೆ ಸೆಕೆಯಾಗ್ತಿದೆ” ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಆದರೆ ಒಲೆ ಆರಿಹೋಗಿತ್ತು. ನಿಂತ ಕೆಲವೇ ನಿಮಿಷಗಳಲ್ಲಿ 500 ವಾಟಿನ ಶಾಖ ಹೆಚ್ಚುಕಡಮೆ 100ಕ್ಕೆ ಇಳಿಯುತ್ತದೆ. ಆದರೆ ಓಟದ ಬಿಸಿಯನ್ನು ಹೊರಹಾಕಲೆಂದು ಹಿಗ್ಗಿದ್ದ ಚರ್ಮದ ರಕ್ತನಾಳಗಳು ಒಡನೆಯೇ ಮುಚ್ಚಿಕೊಳ್ಳುವುದಿಲ್ಲ. ತೊಯ್ದ ಬಟ್ಟೆಯಿಂದ ಆವಿಯೇಳುವುದೂ ನಿಲ್ಲುವುದಿಲ್ಲ. ಉಣ್ಣೆಯಾದರೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ನನ್ನ ಹತ್ತಿಯ ಬನಿಯನ್ನಿನ ಎಳೆಗಳ ನಡುವೆ ಇರಬೇಕಾಗಿದ್ದ ಗಾಳಿಯ ಜಾಗದಲ್ಲಿ ಬೆವರಿನ ನೀರು ನಿಂತಿತ್ತು. ಮೊದಲು ನಡುಕ ಬಂದಿತು. ನಡುಕವೆಂದರೆ ಶಾಖಕ್ಕಾಗಿಯೇ ಸ್ನಾಯುಗಳು ಮಾಡುವ ದುಡಿಮೆ. ವಿಶ್ರಾಂತಿಯ ಶಾಖವನ್ನು ಅದು ಮೂರು ನಾಲ್ಕು ಪಟ್ಟು ಹೆಚ್ಚಿಸಬಲ್ಲದು. ಅನಂತರ ಬೆರಳುಗಳು ಮರಗಟ್ಟಿದುವು. ಮುಂದಿನ ಹದಿನೈದು ನಿಮಿಷಗಳ ನೆನಪು ನನಗೆ ಅಷ್ಟು ಸ್ಪಷ್ಟವಾಗಿಲ್ಲ. ಚಳಿಯಾಗುತ್ತಿದೆಯೇ ಎಂದು ಯಾರೋ ಕೇಳಿದಾಗ “ಏನೂ ಇಲ್ಲ” ಎಂದುದು ನೆನಪಿದೆ. ನನಗೆ ಏನೂ ಆಗಿಲ್ಲವೆಂದೇ ನಾನು ನಂಬಿದ್ದೆ.

ಗುರುತಿಸಿದವಳು ಆ ಹುಡುಗಿ. ಜಾರಿಬಿದ್ದ ಕೈಗವಸನ್ನು ಹಾಕಿಕೊಳ್ಳಲು ನಾನು ಮೂರು ಬಾರಿ ಯತ್ನಿಸಿ ಸೋತುದನ್ನು ಅವಳು ನೋಡಿದ್ದಳು. “ಅಪ್ಪಾ, ದೊಡ್ಡಪ್ಪನ ಮಾತು ತೊದಲ್ತಾ ಇದೆ!” ಎಂದು ಕೂಗಿದಳು. ದಾದಿ ಧಾವಿಸಿ ಬಂದು, ನನ್ನ ಕೊರಳಪಟ್ಟಿಯೊಳಗೆ ಕೈಯಿಟ್ಟು ನೋಡಿ, ಒಂದು ಮಾತೂ ಆಡದೆ ನನ್ನನ್ನು ಮರದ ಮರೆಗೆ ನಡೆಸಿದರು. ಒದ್ದೆ ಬನಿಯನ್ನನ್ನು ಕಳಚಿಸಿ ತಮ್ಮ ಬೆನ್ನುಚೀಲದಲ್ಲಿದ್ದ ಒಣ ಉಣ್ಣೆಯಂಗಿಯನ್ನೂ ಮೇಲೊಂದು ಗಾಳಿತಡೆಯ ಅಂಗಿಯನ್ನೂ ತೊಡಿಸಿದರು. ತಮ್ಮ ಮತ್ತು ಉಪಾಧ್ಯಾಯರು ನನ್ನನ್ನು ನಡುವೆ ಹಿಡಿದು ಹಿಂದೆ ಮುಂದೆ ನಡೆದಾಡಿಸಿದರು. ಕಾರು ಬರುವ ಹೊತ್ತಿಗೆ ನನ್ನ ಮಾತು ನನಗೆ ಮರಳಿತ್ತು.

ಬಚ್ಚಲ ಬಿಸಿನೀರು, ಅಡುಗೆಮನೆಯ ಸಾರು

ಮನೆಯ ಕಿಟಕಿಯ ಬಳಿ ಅಮ್ಮ ನಿಂತೇ ಇದ್ದರು. ನನ್ನ ಎರಡು ಬೆರಳುಗಳ ತುದಿ ಮೇಣದಂತೆ ಬೆಳ್ಳಗಾಗಿದ್ದುದನ್ನು ಕಂಡು ತಿಕ್ಕಲು ತೊಡಗಿದರು. ದಾದಿ ಮೆಲ್ಲನೆ ಅವರ ಕೈಯನ್ನು ಹಿಡಿದು ನಿಲ್ಲಿಸಿದರು. ಚಳಿಗೆ ಮೈಯ ಅಂಚುಗಳಿಂದ ರಕ್ತ ಹಿಂದೆ ಸರಿಯುತ್ತದೆ. ಹೃದಯ ಮತ್ತು ಮಿದುಳುಗಳನ್ನು ಕಾಯಲು ದೇಹ ಬೆರಳು, ಕಿವಿ, ಮೂಗುಗಳನ್ನು ಒತ್ತೆಯಿಡುತ್ತದೆ. ಚರ್ಮದೊಳಗೆ ಮಂಜಿನ ಹರಳುಗಳೇ ಮೂಡಿದ್ದರೆ ತಿಕ್ಕುವುದರಿಂದ ಅಂಗಾಂಶ ಹರಿಯುತ್ತದೆ. ನೆಪೋಲಿಯನ್ನನ ಶಸ್ತ್ರವೈದ್ಯ ಲಾರ್ರೆ, 1812ರ ರಷ್ಯಾ ದಂಡಯಾತ್ರೆಯಲ್ಲಿ ಸೈನಿಕರು ಮರಗಟ್ಟಿದ ಕೈಕಾಲುಗಳನ್ನು ಬೆಂಕಿಗೆ ಹಿಡಿದು ಕಳೆದುಕೊಂಡುದನ್ನು ಕಂಡು, ಹಿಮದಿಂದ ತಿಕ್ಕುವುದೇ ಮೇಲೆಂದು ಸಾರಿದ್ದ. ನೂರು ವರ್ಷಗಳಿಗೂ ಮೀರಿ ಜನ ಅದನ್ನು ಪಾಲಿಸಿ ಹಾನಿಗೊಳಗಾದರು. ಬೆಂಕಿಯೂ ಬೇಡ, ತಿಕ್ಕುವುದೂ ಬೇಡ. 37ರಿಂದ 39 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿಡುವುದು ಇಂದಿನ ಕ್ರಮ. ಬ್ರಾಂದಿ ಕುಡಿಸುವ ಹಳೆಯ ಪದ್ಧತಿಯೂ ತಪ್ಪೇ; ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂಥ ಭ್ರಮೆಯನ್ನು ಹುಟ್ಟಿಸಿ, ಉಳಿದಿರುವ ಶಾಖವನ್ನೂ ಹೊರಗೆ ಕಳಿಸುತ್ತದೆ.

ಬಿಸಿನೀರಿನಲ್ಲಿ ಬೆರಳುಗಳಿಗೆ ರಕ್ತ ಮರಳಿದಾಗ ಆದ ಉರಿಯನ್ನು ಬಣ್ಣಿಸಲಾರೆ. ಆದರೆ ಬೆರಳುಗಳು ಕೆಂಪಾದುವು. ಗಾಯ ಚರ್ಮದ ಮೇಲಷ್ಟೇ ಮುಗಿದಿತ್ತು. ಅಮ್ಮ ಮೆಣಸಿನ ಸಾರನ್ನು ಲೋಟಗಳಿಗೆ ಬಗ್ಗಿಸಿ ಎಲ್ಲರಿಗೂ ಕೊಟ್ಟರು. ಸೋಫಾದ ಮೇಲೆ ಕಾಲು ಚಾಚಿದ್ದ ಅಂಚೆಯವರು ಮೊದಲ ಗುಟುಕಿಗೇ ಕೆಮ್ಮಿ, ಕಣ್ಣೊರೆಸಿಕೊಂಡು, ಎರಡನೆಯ ಲೋಟವನ್ನು ಕೇಳಿದರು. ಅಮ್ಮ ನನ್ನ ಕಡೆ ತಿರುಗಿ, “ಓಡೋದಕ್ಕೇನೋ ಚೆನ್ನಾಗಿ ಕಲಿತೆ. ನಿಂತ್ಕೊಳ್ಳೋದು ಹೇಗೆ ಅಂತ ಕಲೀಲಿಲ್ಲ” ಎಂದರು. ಇಡೀ ಶೀತವೈದ್ಯಶಾಸ್ತ್ರದ ಸಾರ ಅಷ್ಟರಲ್ಲಿಯೇ ಇತ್ತು.

ಮೈಯ ಒಳಗಿನ ಉಷ್ಣತೆ 37 ಡಿಗ್ರಿಯ ಸುಮಾರಿನಲ್ಲಿರಬೇಕು. 35ಕ್ಕಿಂತ ಕೆಳಗಿಳಿದರೆ ಅಪಾಯದ ಸ್ಥಿತಿ. ಎರಡೇ ಡಿಗ್ರಿಗಳ ಅಂತರ! ಆ ಇಳಿತದಲ್ಲಿ ಬೆರಳು ತಡವರಿಸುತ್ತದೆ, ಕಾಲು ಎಡವುತ್ತದೆ, ನಾಲಗೆ ತೊದಲುತ್ತದೆ. ಅವುಗಳೊಡನೆ, ಯಾವ ಬುದ್ಧಿ ಈ ಲಕ್ಷಣಗಳನ್ನು ಗುರುತಿಸಬೇಕೋ ಆ ಬುದ್ಧಿಯೇ ಮಂಕಾಗುತ್ತದೆ. ಹಸಿವಾದವನಿಗೆ ಹಸಿವು ತಿಳಿಯುತ್ತದೆ, ಬಾಯಾರಿದವನಿಗೆ ಬಾಯಾರಿಕೆ ತಿಳಿಯುತ್ತದೆ. ಶೀತ ಆಳಕ್ಕಿಳಿದವನಿಗೆ ಮಾತ್ರ ತನ್ನ ಸ್ಥಿತಿ ತಿಳಿಯದೆ ಹೋಗಬಹುದು. ಯಾವ ಉಣ್ಣೆಯೂ ಯಾವ ಸೂತ್ರವೂ ಈ ಕೊರತೆಯನ್ನು ತುಂಬಲಾರದು. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು. ಅಂದು ಆ ದಂಡೆಯಲ್ಲಿ ನಾನೊಬ್ಬನೇ ಎಡವಿ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಮ್ಮನ ಮುಂದೆ ಯಾರೂ ಎತ್ತಲಿಲ್ಲ.

ಮೂರು ದಿನಗಳ ಮೇಲೆ ನಾವು ಮತ್ತೆ ಓಡಿದೆವು. ಅಂಚೆಯವರು ಕಿಟಕಿಯ ಬಳಿ ಅಮ್ಮನ ಜೊತೆಗೆ ಕುಳಿತು ಕಾವಲಿದ್ದರು. ಈ ಬಾರಿ ನನ್ನ ಮೈಮೇಲೆ ಹತ್ತಿಯ ಒಂದೆಳೆಯೂ ಇರಲಿಲ್ಲ. ಬೆನ್ನಿನ ಚೀಲದಲ್ಲಿ ಒಣ ಅಂಗಿಯೊಂದಿತ್ತು. ತಮ್ಮನ ಮಗಳು ನನ್ನ ಪಕ್ಕದಲ್ಲಿಯೇ ಓಡುತ್ತಾ, ಐದು ನಿಮಿಷಕ್ಕೊಮ್ಮೆ ಏನಾದರೊಂದು ಪ್ರಶ್ನೆ ಕೇಳುತ್ತಿದ್ದಳು: ಕುಕ್ಕರಹಳ್ಳಿಯ ಹಕ್ಕಿಗಳ ಹೆಸರು, ನನ್ನ ಶಾಲೆಯ ದಿನಗಳು, ಹದಿನೇಳರ ಮಗ್ಗಿ. ಹುಡುಗಿಗೆ ಇದೇನು ಹೊಸ ಕುತೂಹಲ ಎಂದುಕೊಂಡೆ. ಮನೆಯ ಬಾಗಿಲು ಮುಟ್ಟಿದ ಮೇಲೆ ತಿಳಿಯಿತು, ಅವಳು ಕೇಳುತ್ತಿದ್ದುದು ಉತ್ತರಗಳನ್ನಲ್ಲ. ನನ್ನ ನಾಲಗೆ ತೊದಲುತ್ತಿದೆಯೇ ಎಂಬುದನ್ನು.